ಚಾ ಕುಡಿ, ಕಾರ್ಡು ಬೇಡ

ನಿನ್ನೆ ಸಂಜೆ ದೊಡ್ಡಪ್ಪನ ಮಗ ಬಂದು ಮೇಜಿನ ಮೇಲೆ ಲಕ್ಕಿ ಸ್ಕೀಮಿನ ಕಾರ್ಡು ಇಟ್ಟ. ತಿಂಗಳು ತಿಂಗಳು ಕಂತು ಕಟ್ಟಬೇಕು, ಡ್ರಾದಲ್ಲಿ ನಮ್ಮ ನಂಬರು ಬಂದರೆ ಕಾರು. ಕಾರ್ಡಿಗೆ ಅಚ್ಚಿನ ಶಾಯಿಯ ಹಸಿ ವಾಸನೆ. ಮೂಡುಬಿದಿರೆಯಿಂದ ಬಸ್ಸಿನಲ್ಲಿ ನೇತಾಡಿಕೊಂಡು ಆಗಷ್ಟೇ ಮನೆಗೆ ಬಂದಿದ್ದ ನನಗೆ ಮಾತಾಡುವ ತ್ರಾಣವೂ ಇರಲಿಲ್ಲ. ಆ ವಾಸನೆಗೆ ನಮ್ಮ ಟೀಚರ್ ನೆನಪಾದರು...

ಶಾಲೆಯಿಂದ ನಿವೃತ್ತರಾದ ಮೇಲೆ ಅವರು ಭಾನುವಾರ ಮಧ್ಯಾಹ್ನ ಶಿರ್ತಾಡಿಯ ಭಜನಾ ಮಂದಿರದಲ್ಲಿ ಹೆಂಗಸರಿಗೆ ಮನೆಖರ್ಚಿನ ಪಾಠ ಮಾಡುತ್ತಿದ್ದರು. ಉಳಿತಾಯ, ವಿಮೆ, ಬಡ್ಡಿ ಎಲ್ಲ ಬೇಗನೆ ಮುಗಿಯಿತು. "ಲೆಕ್ಕ ನಿಮಗೆಲ್ಲ ಬರ್ತದೆ. ನಮ್ಮ ಊರಲ್ಲಿ ದುಡ್ಡು ಹೋಗುವುದು ಲೆಕ್ಕ ತಪ್ಪಿ ಅಲ್ಲ, ದಾಕ್ಷಿಣ್ಯದಿಂದ," ಎಂದರು. ಸ್ಕೀಮು ಹಿಡಿದುಕೊಂಡು ಬರುವವನು ಅಪರಿಚಿತನಲ್ಲ. ಭಾವ, ಇಲ್ಲವೇ ಚಿಕ್ಕಮ್ಮನ ಮಗ. ಅವನಿಗೆ ಬೇಡ ಎನ್ನಲು ಕಲಿಯಬೇಕು.

ಅದಕ್ಕೆ ನಾನು ಬೇಕಾದೆ. ಊರಿನವರ ಸ್ವರ ತೆಗೆದು ಅಣಕಿಸಿ ಬೈಸಿಕೊಳ್ಳುವುದು ಬಿಟ್ಟರೆ ಕಾಲೇಜಿನಲ್ಲಿ ನಾನು ಬೇರೇನೂ ಕಲಿತಿರಲಿಲ್ಲ. ದುಬೈಯಿಂದ ಬಂದ ಭಾವನಾಗಿ, ಸೆಂಟು ಹಾಕಿದ ಏಜೆಂಟನಾಗಿ ಒಬ್ಬೊಬ್ಬರ ಎದುರೂ ಕೂರುತ್ತಿದ್ದೆ. "ಅಕ್ಕಾ, ನಿಮ್ಮ ಹೆಸರು ಬರೆದಾಯ್ತು. ಇನ್ನು ಹೊಡೆದು ಹಾಕಿದ್ರೆ ನನಗೆ ಮರ್ಯಾದೆ ಉಂಟಾ?" ಅವರು ನಗದೆ, ನೆಪ ಹೇಳದೆ ಉತ್ತರಿಸಬೇಕು: "ಚಾ ಕುಡಿ. ಕಾರ್ಡು ಬೇಡ." ನೆಪ ಹೇಳಿದರೆ ಟೀಚರ್ ಬಿಡುತ್ತಿರಲಿಲ್ಲ. "ಗಂಡನ ಹತ್ರ ಕೇಳ್ತೇನೆ ಅಂದ್ರೆ ಅವ ನಾಳೆ ಗಂಡನ ಹತ್ರವೇ ಬರ್ತಾನೆ ಮಾರಾಯ್ತಿ!" ಪಾಠಕ್ಕೆ ಹೊಸ ಹೊಸ ಕಾರ್ಡು ಅವರೇ ತರುತ್ತಿದ್ದರು. ಎಲ್ಲಿಂದ ಎಂದು ನಾವು ಕೇಳಲಿಲ್ಲ.

ಒಂದು ಭಾನುವಾರ ಟೀಚರೂ ಒಮ್ಮೆ ಬೇಡ ಅಂದು ತೋರಿಸಲಿ ಎಂದು ಹೆಂಗಸರು ಹಠ ಹಿಡಿದರು. ನನಗೆ ಉಮೇದು ಬಂತು. ಅವರ ತಮ್ಮನ ಸ್ವರ ತೆಗೆದೆ. ತಾಯಿ ಹೋದ ಮೇಲೆ ಅವರೇ ಎತ್ತಿ ಬೆಳೆಸಿದ ತಮ್ಮ. ಬೆಳ್ತಂಗಡಿಯಲ್ಲಿ ಅಂಗಡಿ ಇಟ್ಟಿದ್ದ. ಅವನ ಹಾಗೆಯೇ ಮೂಗಿನಲ್ಲಿ, "ಅಕ್ಕಾ... ನೀನೇ ಬೇಡ ಅಂದ್ರೆ ನಾನು ಯಾರ ಹತ್ರ ಹೋಗುವುದು?" ಎಂದೆ.

ಟೀಚರ್ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಾ, "ಆಯ್ತು ಮಾರಾಯ, ನನ್ನ ಹೆಸರು ಬರಿ," ಎಂದರು. ಮಂದಿರ ಇಡೀ ನಕ್ಕಿತು. ಅಷ್ಟು ಚಪ್ಪಾಳೆ ನನಗೆ ಮತ್ತೆಂದೂ ಸಿಗಲಿಲ್ಲ.

ಅವರು ನಟಿಸಿರಲಿಲ್ಲ. ತಮ್ಮ ಅದಕ್ಕೂ ಮೊದಲೇ ಬಂದು ಹೋಗಿದ್ದ. ನಿವೃತ್ತಿಯ ಹಣದ ಮುಕ್ಕಾಲು ಪಾಲು ಅವನು ತಂದ ಸ್ಕೀಮುಗಳಲ್ಲಿತ್ತು. ಆ ಮಳೆಗಾಲ ಸ್ಕೀಮಿನವರು ಬಾಗಿಲು ಹಾಕಿಕೊಂಡು ಹೋದಾಗ ನಮಗೆ ಗೊತ್ತಾಯಿತು. ತಮ್ಮನದೂ ಹೋಗಿತ್ತು, ಪಾಪ. ಮಂದಿರದ ಹೆಂಗಸರಲ್ಲಿ ಕಳೆದುಕೊಂಡವರು ಒಬ್ಬರೂ ಇರಲಿಲ್ಲ, ಟೀಚರ್ ಬಿಟ್ಟು.

ಪಾಠ ನಿಂತಿತು. ಕರೆಯಲು ಹೋದವರಿಗೆ, "ನನಗೇ ಬಾರದ್ದನ್ನು ಎಂತ ಕಲಿಸುವುದು?" ಎಂದು ಚಾ ಕೊಟ್ಟು ಕಳಿಸಿದರು. ಆಮೇಲೆ ಮನೆಯನ್ನು ಬಾಡಿಗೆಗೆ ಕೊಟ್ಟು ಬಂಟ್ವಾಳದ ಮಗಳ ಮನೆಗೆ ಹೋದರು... ಹೋದ ವರ್ಷ ಅಲ್ಲೇ ತೀರಿಕೊಂಡರು.

"ಎಂತ ಯೋಚನೆ? ನೀನೇ ಸೇರದಿದ್ರೆ ಹೇಗೆ ಮಾರಾಯ?" ದೊಡ್ಡಪ್ಪನ ಮಗ ಪೆನ್ನು ಚಾಚಿದ. ನನ್ನ ಸ್ವಂತ ಸ್ವರದಲ್ಲಿ ಬೇಡ ಎನ್ನಲು ನನಗೂ ಬಾರದು. ಟೀಚರ ಸ್ವರ ತೆಗೆದೆ. "ಚಾ ಕುಡಿ. ಕಾರ್ಡು ಬೇಡ."

ಅವನು ಬಿದ್ದು ಬಿದ್ದು ನಕ್ಕ. "ಟೀಚರೇ ಬಂದ ಹಾಗಾಯ್ತು! ಇನ್ನೊಮ್ಮೆ ಹೇಳು."

ಇನ್ನೊಮ್ಮೆ ಹೇಳಿದೆ. ಅವನ ನಗು ನಿಂತಿತು. ಚಾ ಮುಗಿಸಿ, ಕಾರ್ಡು ಜೇಬಿಗೆ ಹಾಕಿಕೊಂಡು ಹೋದ.

ಲೋಟ ತೊಳೆದಿಟ್ಟೆ. ನನ್ನನ್ನೇ ಅಣಕಿಸ್ತೀಯಾ ಎಂದು ಟೀಚರ್ ಕಿವಿ ಹಿಂಡಬೇಕಿತ್ತು... ಹಿಂಡುವವರು ಈಗ ಯಾರೂ ಇಲ್ಲ.