ಮೂರು ವೈರು, ಎರಡು ತೂತು

ಹಳದಿ, ಕೆಂಪು, ಬಿಳಿ ಎಂಬ ಮೂರು ವೈರುಗಳನ್ನು ಸರಿಯಾದ ತೂತಿಗೆ ಸಿಕ್ಕಿಸುವುದೂ ಒಂದು ವಿದ್ಯೆಯೇ ಎಂದು ನೀವು ಕೇಳಬಹುದು. ವಿದ್ಯೆಯಲ್ಲ, ಒಪ್ಪಿದೆ. ಆದರೆ ದೊಡ್ಡಬಳ್ಳಾಪುರದ ನಮ್ಮ ಬೀದಿಗೆ ಸೀಡಿ ಪ್ಲೇಯರ್‌ಗಳು ಕಾಲಿಟ್ಟ ಒಂದೆರಡು ವರ್ಷ, ಇಷ್ಟು ಕಾಲ ಕನ್ನಡ ಪಾಠ ಹೇಳಿ ಸಂಪಾದಿಸದ ಗೌರವವನ್ನು ನಾನು ಇದರಿಂದ ಸಂಪಾದಿಸಿದೆ. ಮಗ್ಗದ ಮೋಟಾರನ್ನು ಕಣ್ಣು ಮುಚ್ಚಿಕೊಂಡು ಬಿಚ್ಚಿ ಜೋಡಿಸುವ ನೇಕಾರರು ಟೀವಿಯ ಬೆನ್ನು ಕಂಡರೆ ಮಾತ್ರ "ಮೇಷ್ಟ್ರನ್ನ ಕರೀರಿ" ಅನ್ನುತ್ತಿದ್ದರು. ಕರೆದ ಕೂಡಲೇ ಹೋದರೆ ಬೆಲೆ ಇರುವುದಿಲ್ಲವಲ್ಲ. ತುಸು ತಡಮಾಡಿ, ಜೇಬಿನಿಂದ ಟೆಸ್ಟರ್ ಇಣುಕುವ ಹಾಗೆ ಸಿಕ್ಕಿಸಿಕೊಂಡು ಹೊರಡುತ್ತಿದ್ದೆ. ಆ ಕೆಲಸಕ್ಕೆ ಟೆಸ್ಟರ್ ಬೇಕೇ ಇಲ್ಲ.

ನಮ್ಮ ಹಳೆಯ ತಾರ್ಕಿಕರು ಹೊಗೆ ಕಂಡಲ್ಲಿ ಬೆಂಕಿ ಉಂಟು ಎಂದರು. ನನ್ನ ತರ್ಕವೂ ಅದೇ ಜಾತಿಯದು. ಚಿತ್ರ ಇದ್ದು ಶಬ್ದ ಇಲ್ಲದಿದ್ದರೆ ಬಿಳಿಯದು ತಪ್ಪಿದೆ. ಶಬ್ದ ಇದ್ದು ಚಿತ್ರ ಇಲ್ಲದಿದ್ದರೆ ಹಳದಿ. ಎರಡೂ ಇಲ್ಲದಿದ್ದರೆ ಕರೆಂಟು ಹೋಗಿದೆ. ಇನ್ನು ಕೆಂಪು. ಪ್ಲೇಯರ್‌ನಿಂದ ಬರುವ ವೈರು ಮೂರಾದರೂ ನಮ್ಮ ಬೀದಿಯ ಟೀವಿಗಳಿಗೆ ಅವನ್ನು ಒಳಗೆ ತೆಗೆದುಕೊಳ್ಳಲು ಇದ್ದದ್ದು ಎರಡೇ ತೂತು. ಹಾಗಾಗಿ ಕೆಂಪು ವೈರು ಕರೆಯದೆ ಬಂದ ನೆಂಟನ ಹಾಗೆ ಎಲ್ಲ ಮನೆಗಳಲ್ಲೂ ಒಂದು ಪಕ್ಕಕ್ಕೆ ಜೋತುಬಿದ್ದಿರುತ್ತಿತ್ತು.

ಎದುರುಮನೆಯ ಚೌಡಮ್ಮ ನನ್ನನ್ನು ಕರೆದದ್ದು ಒಂದು ಅಮಾವಾಸ್ಯೆಯ ಮಧ್ಯಾಹ್ನ. ಅಮಾವಾಸ್ಯೆಗೆ ನಮ್ಮ ಬೀದಿಯಲ್ಲಿ ಮಗ್ಗ ಹಾಕುವುದಿಲ್ಲ. ಬೇರೆ ದಿನ ಗೋಡೆ ನಡುಗುವಷ್ಟು ಸದ್ದಿರುವ ಬೀದಿ ಅಂದು ಉಸಿರು ಕಟ್ಟಿದಂತೆ ಇರುತ್ತದೆ. ಬಾಡಿಗೆಗೆ ಬಂದು ಹನ್ನೊಂದು ವರ್ಷವಾದರೂ ಆ ಮೌನ ನನಗೆ ಒಗ್ಗಿರಲಿಲ್ಲ. ಬೆನ್ನ ಹಿಂದೆ ಯಾರೋ ನಿಂತ ಹಾಗೆ ಅನ್ನಿಸುತ್ತಿತ್ತು. ಅಳಿಯ ತಂದುಕೊಟ್ಟ ಹೊಸ ಪ್ಲೇಯರ್, ಮಗಳು ಶೈಲಾಳ ಮದುವೆಯ ಸೀಡಿ, ಎರಡನ್ನೂ ಮಡಿಲಲ್ಲಿಟ್ಟುಕೊಂಡು ಚೌಡಮ್ಮ ಕೂತಿದ್ದರು.

"ಇವತ್ತೇ ಯಾಕಮ್ಮ, ಅಮಾವಾಸ್ಯೆ?" ಅಂದೆ.

"ಬೇರೆ ದಿನ ಮಗ್ಗದ ಸದ್ದಲ್ಲಿ ಅವ್ರ ಮಾತು ಕೇಳ್ಸಲ್ಲ ಮೇಷ್ಟ್ರೇ."

ಅವರು ಎಂದರೆ ಗಂಡ, ನಂಜುಂಡಪ್ಪ. ಶೈಲಾಳನ್ನು ತಮ್ಮ ಅಕ್ಕನ ಮಗನಿಗೇ ಕೊಡಬೇಕೆಂದು ಅವರು, ಕೂಡದೆಂದು ಇವರು. ಕೊನೆಗೆ ಚೌಡಮ್ಮನ ಮಾತೇ ನಡೆಯಿತು. ಮದುವೆಯ ಎರಡು ದಿನವೂ ಗಂಡ ಹೆಂಡತಿಯ ಜೊತೆ ತುಟಿ ಬಿಚ್ಚಲಿಲ್ಲ. ಹೆಣ್ಣು ಒಪ್ಪಿಸಿ ಆದಮೇಲೆ ಛತ್ರದ ಆ ಬದಿಯಿಂದ ಇವರತ್ತ ತಿರುಗಿ ಏನೋ ಅಂದರಂತೆ. ಇವರು ಸಿಟ್ಟಿನಲ್ಲಿ ಮುಖ ತಿರುಗಿಸಿದರು. ಅವರೊಬ್ಬರೇ ಮನೆಗೆ ಹೋದರು. ಚೌಡಮ್ಮ ಛತ್ರ ಒಪ್ಪಿಸಿ ಬರುವಷ್ಟರಲ್ಲಿ ಮಗ್ಗಕ್ಕೆ ಒರಗಿದ ಹಾಗೆಯೇ ಅವರ ಪ್ರಾಣ ಹೋಗಿತ್ತು.

"ಬೈದ್ರಾ, ಕರೆದ್ರಾ, ಅದೊಂದು ತಿಳಿದ್ರೆ ಸಾಕು ನಂಗೆ," ಅಂದರು.

ನನಗೆ ಟೆಸ್ಟರ್ ಇಟ್ಟುಕೊಂಡು ಬಂದದ್ದಕ್ಕೆ ನಾಚಿಕೆಯಾಯಿತು. ಟೀವಿಯ ಹಿಂದಿನ ಕತ್ತಲಿಗೆ ತಲೆ ತೂರಿಸಿ ವೈರು ಚುಚ್ಚಿದೆ. ಬಣ್ಣ ಕಾಣದೆ ಹಳದಿಯದು ಬಿಳಿಯ ತೂತಿಗೆ ಹೋಯಿತು. ಪರದೆ ಕಪ್ಪಗೇ ಇತ್ತು, ಒಳಗಿನಿಂದ ಗುರ್ ಎಂಬ ಸದ್ದು, ಯಾರೋ ಗಂಟಲು ಸರಿಮಾಡಿಕೊಳ್ಳಲು ಹೆಣಗುವ ಹಾಗೆ. ಬದಲಾಯಿಸಿದೆ. ಈಗ ಚಿತ್ರ ಬಂತು, ಆದರೆ ಬಣ್ಣವಿಲ್ಲದೆ ಕೆಳಗಿನಿಂದ ಮೇಲಕ್ಕೆ ಉರುಳತೊಡಗಿತು. ನಂಜುಂಡಪ್ಪನವರ ತಲೆ ಮೇಲೆ ಮುಳುಗಿ ಕೆಳಗೆ ಹುಟ್ಟುತ್ತಿತ್ತು. ಪ್ಲೇಯರ್‌ನ ಬೆನ್ನಿಗೆ ಇದಕ್ಕೆಂದೇ ಒಂದು ಪುಟ್ಟ ಗುಂಡಿ ಇರುತ್ತದೆ. ಅದನ್ನು ಸರಿಸಿದೆ. ಚಿತ್ರ ನಿಂತಿತು, ಬಣ್ಣವೂ ಬಂತು. ಶಬ್ದ ಮಾತ್ರ ಇಲ್ಲ. ತರ್ಕದ ಪ್ರಕಾರ ತಪ್ಪಿದ್ದು ಬಿಳಿಯದು ಎಂದುಕೊಂಡು ಮತ್ತೆ ತಲೆ ತೂರಿಸಿದೆ.

ನಾನು ವೈರು ತಡಕುವುದರಲ್ಲಿ ಸೀಡಿ ಹೆಣ್ಣು ಒಪ್ಪಿಸುವ ಹೊತ್ತಿಗೆ ಬಂದಿತ್ತು. ಕತ್ತೆತ್ತಿ ನೋಡಿದೆ. ಅವರು ಪರದೆಯನ್ನೇ ನೋಡುತ್ತ ತುಟಿ ಆಡಿಸುತ್ತಿದ್ದರು. ದನಿ ಹೊರಡುತ್ತಿರಲಿಲ್ಲ. ಬಲಗೈ ಏನನ್ನೋ ದೂರ ತಳ್ಳಿದಂತೆ ಆಡಿತು. ಪರದೆಯತ್ತ ಬಾಗಿದೆ. ನಂಜುಂಡಪ್ಪ ನೆಟ್ಟಗೆ ಹೆಂಡತಿಯನ್ನೇ ನೋಡುತ್ತಿದ್ದರು. ವಿಡಿಯೋದವನು ಅಂದು ಚೌಡಮ್ಮನ ಹಿಂದೆಯೇ ನಿಂತಿದ್ದಿರಬೇಕು, ಬುದ್ಧಿಗೆ ಅದು ತಿಳಿಯುತ್ತದೆ. ಆದರೆ ಇವರ ಕೈ ಕೆಳಗಿಳಿದ ಗಳಿಗೆಗೇ ಅವರು "ಸರಿ" ಅನ್ನುವ ಹಾಗೆ ತಲೆಯಾಡಿಸಿದರು. ಟವೆಲನ್ನು ಹೆಗಲಿಗೆ ಹಾಕಿಕೊಂಡು ಬಾಗಿಲ ಬೆಳಕಿನಲ್ಲಿ ಹೊರಟುಹೋದರು.

ಮಗ್ಗದ ಮನೆಯಲ್ಲಿ ಮಾತಿಗೆ ಕಿವಿ ಬೇಕಿಲ್ಲ ಎಂಬುದು ನನಗೆ ಆಗ ಹೊಳೆಯಿತು. ಆ ಸದ್ದಿನಲ್ಲಿ ಗಂಡಹೆಂಡಿರು ಊಟಕ್ಕೆ ಕರೆಯುವುದು, ಜಗಳವಾಡುವುದು, ರಾಜಿಯಾಗುವುದು ಎಲ್ಲ ತುಟಿಯಲ್ಲಿ, ಕೈಸನ್ನೆಯಲ್ಲಿ. ಇಪ್ಪತ್ತೈದು ವರ್ಷ ಇವರಿಬ್ಬರೂ ಹಾಗೇ ಮಾತಾಡಿದ್ದರು.

"ಏನಂದ್ರಮ್ಮ?" ನನ್ನ ದನಿ ನನಗೇ ಜೋರಾಗಿ ಕೇಳಿಸಿತು.

"'ಬಾ, ಹೋಗಣ' ಅಂದ್ರು."

ಸತ್ತವರು ಅಮಾವಾಸ್ಯೆಯ ದಿನ ಹೀಗೆ ಕರೆದರೆ ಏನರ್ಥ ಎಂದು ನಮ್ಮ ಕಡೆ ಯಾರನ್ನು ಕೇಳಿದರೂ ಹೇಳುತ್ತಾರೆ. ವಿಜ್ಞಾನ, ತರ್ಕ ಎರಡೂ ನನ್ನನ್ನು ಟೀವಿಯ ಹಿಂದೆ ಬಿಟ್ಟು ಓಡಿಹೋದವು.

"ನೀವೇನಂದ್ರಿ?"

"ಛತ್ರ ಒಪ್ಪಿಸ್ಬೇಕು, ನೀವು ನಡೀರಿ, ಆಮೇಲೆ ಬರ್ತೀನಿ ಅಂದೆ." ಅಂದು ಆಡದೆ ಉಳಿದಿದ್ದ ಮಾತನ್ನು ಆಡಿ ಮುಗಿಸಿದವರಂತೆ ಸೆರಗಿನಿಂದ ಕಣ್ಣೊರೆಸಿಕೊಂಡರು.

ನಾನು ಸುಮ್ಮನೆ ಎದ್ದು ಬರಬಹುದಿತ್ತು. ಆದರೆ ಹಿಡಿದ ರಿಪೇರಿ ಅರ್ಧಕ್ಕೆ ಬಿಟ್ಟರೆ ನನಗೆ ಊಟ ಸೇರುವುದಿಲ್ಲ. ಈ ಟೀವಿಗೆ ಶಬ್ದ ಹೊರಹೋಗಲೂ ಬೇರೆ ಒಂದು ತೂತಿತ್ತು, ಬಿಳಿ ವೈರನ್ನು ನಾನೇ ಅದಕ್ಕೆ ಹಾಕಿದ್ದೆ. ಕಿತ್ತು ಪಕ್ಕದ ತೂತಿಗೆ ಹಾಕಿದೆ. ಮನೆ ತುಂಬ ಭರ್ರನೆ ನಾಗಸ್ವರ. ಹಿಂದಕ್ಕೆ ಓಡಿಸಿ ಆ ಜಾಗವನ್ನೇ ಮತ್ತೆ ಹಾಕಿದರೂ ನಾಗಸ್ವರವೇ. ವಿಡಿಯೋದವನು ಛತ್ರದ ಮಾತನ್ನೆಲ್ಲ ಅಳಿಸಿ ಮೊದಲಿನಿಂದ ಕೊನೆತನಕ ಅದನ್ನೇ ತುಂಬಿದ್ದ. ಸೀಡಿಯಲ್ಲಿ ಒಬ್ಬರ ದನಿಯೂ ಇರಲಿಲ್ಲ.

"ಅದನ್ನ ತೆಗ್ದ್ಬಿಡಿ ಮೇಷ್ಟ್ರೇ," ಅಂದರು ಚೌಡಮ್ಮ. ಬಿಳಿ ವೈರನ್ನು ಕಿತ್ತೆ.

ಯುಗಾದಿಗೆ ಬಂದ ಶೈಲಾ ನನ್ನನ್ನು ಕರೆಸಿದಳು. "ಸರ್, ಸೌಂಡೇ ಬರ್ತಿಲ್ಲ. ಅಮ್ಮ ಹಂಗೇ ನೋಡ್ತಾ ಕೂತಿರ್ತಾಳೆ. ಸ್ವಲ್ಪ ಸರಿ ಮಾಡ್ಕೊಡಿ." ಅವಳ ಹಿಂದೆ ನಿಂತಿದ್ದ ಚೌಡಮ್ಮ ನನ್ನತ್ತ ತುಟಿಯಾಡಿಸಿದರು. ಆ ಭಾಷೆಯ ಒಂದಕ್ಷರವೂ ನನಗೆ ಬಾರದು. ಆದರೂ ಟೀವಿಯ ಹಿಂದೆ ಬಗ್ಗಿ, ಸ್ವಲ್ಪ ಹೊತ್ತು ಅದೂ ಇದೂ ಮುಟ್ಟಿ, ಎದ್ದು ಕೈ ಕೊಡವಿಕೊಂಡು, "ಇದು ನನ್ನ ಕೈಲಿ ಆಗಲ್ಲಮ್ಮ," ಅಂದೆ.