ಗೂಳಿಗುಂಡಿನ ಸಾಬಮ್ಮ

ಆಗ ನನಗೆ ಇಪ್ಪತ್ತೆರಡು. ಇದು ನಲವತ್ತು ವರ್ಷದ ಹಿಂದಿನ ಮಾತು. ದೇವಾಪುರದ ಆಚೆ ಗುಡ್ಡದ ಬುಡದಲ್ಲಿ ನಾವು ಹದಿನಾಲ್ಕು ಹೆಂಗಸರು ಕೆನಾಲಿಗೆ ಖಡಿ, ಅಂದರೆ ಜಲ್ಲಿಕಲ್ಲು, ಒಡೆಯುತ್ತಿದ್ದೆವು. ಹದಿಮೂರು ಮಂದಿ ಕಲ್ಲು ಎಳೆದುಕೊಂಡು ಹೊಡೆಯುವವರು. ಸಾಬಮ್ಮ ಒಬ್ಬಳೇ ಕಲ್ಲನ್ನು ಮಗ್ಗಲು ಮಾಡಿ, ಅಂಗೈಯಿಂದ ಮಣ್ಣು ಒರೆಸಿ, ಎಲ್ಲಾ ಕಡೆ ತಿರುವಿ ನೋಡಿ ಆಮೇಲೆ ಸುತ್ತಿಗೆ ಎತ್ತುವವಳು. ಚೇಳಿಗೆ ಹೆದರುತ್ತಾಳೆ ಎಂದು ನಾವು ತಿಳಿದಿದ್ದೆವು.

ಅವಳು ಉದ್ದಕ್ಕೆ ಬಡಕಲಾಗಿದ್ದಳು. ಯಾವಾಗಲೋ ಕಲ್ಲಿನ ಚೂರು ಸಿಡಿದು ಎಡಗಣ್ಣು ಅರ್ಧ ಮುಚ್ಚಿತ್ತು. ಕಲ್ಲು ಜಾರದಂತೆ ಹಿಡಿಯಲು ನಾವೆಲ್ಲ ಹಳೇ ಟೈರು ಕೊಯ್ದು ಕಲ್ಲಿನ ಸುತ್ತ ಹಾಕುವ ಬಳೆ ಮಾಡಿಕೊಳ್ಳುತ್ತಿದ್ದೆವು. ಅವಳು ಬರಿಗೈಯಲ್ಲೇ ಹಿಡಿಯುತ್ತಿದ್ದಳು. ಕೇಳಿದರೆ, "ರಬ್ಬರಿಗೆ ಏನ್ ತಿಳಿತದ, ಕೈಗೆ ತಿಳಿತದ" ಎನ್ನುವಳು. ನಾನು ಅವಸರ ಮಾಡಿದರೆ ಸುತ್ತಿಗೆಯ ಹಿಡಿಯಿಂದ ನನ್ನ ಮೊಣಕಾಲಿಗೆ ತಟ್ಟುವಳು. "ಹೊಡಿಯೂದಕಿಂತ ಮೊದಲು ನೋಡು ಹುಡುಗಿ. ಹೊಡದ ಮ್ಯಾಲ ನೋಡಾಕ ಏನ್ ಇರ್ತದ?"

ನಮ್ಮ ಮೇಲೆ ಮೇಸ್ತ್ರಿಯಾಗಿದ್ದ ಮುಕಾದಮನಿಗೆ ಅವಳ ಈ ಚಾಳಿ ಕಂಡರೆ ಆಗುತ್ತಿರಲಿಲ್ಲ. ಒಂದು ದಿನ ಎಲ್ಲರ ಮುಂದೆ, "ಏನ್ ಸಾಬಮ್ಮ, ಕಲ್ಲಿಗೆ ಮದಿವಿ ಮಾಡಾಕತ್ತಿಯೇನು? ಹಂಗ ತಿರುವಿ ತಿರುವಿ ನೋಡ್ತಿ" ಎಂದ.

ಸಾಬಮ್ಮ ತಲೆ ಎತ್ತದೆ, "ನಿನ್ನ ಹೇಂತಿ ನಿನ್ನ ಹಿಂಗ ತಿರುವಿ ನೋಡಿದ್ದರ ನಿನ್ನ ಮದಿವಿನೇ ಆಗ್ತಿದ್ದಿಲ್ಲಪ" ಎಂದಳು.

ನಾವು ಸೆರಗು ಬಾಯಿಗೆ ಒತ್ತಿಕೊಂಡು ನಕ್ಕೆವು. ಅವನೂ ನಕ್ಕ. ಮುಂದೆ ಆ ಮಾತು ಎತ್ತಲಿಲ್ಲ.

ಅವಳು ಯಾಕೆ ಹಾಗೆ ನೋಡುತ್ತಿದ್ದಳು ಎಂಬುದು ನನಗೆ ತಿಳಿದದ್ದು ಅವಳ ಆಕಳು ಈದಾಗ. ನನ್ನ ಕೂಸಿಗೆ ಆಗ ನಾಲ್ಕು ತಿಂಗಳು. ಬೆಳಗಾಗುತ್ತಲೇ ಬಂದು, "ಬಾ ಹುಡುಗಿ, ಹೊತ್ತು ಏರೂದರಾಗ ಹೋಗಿ ಬರೂನು. ಕೂಸನ್ನೂ ತಗೊಂಡು ಬಾ" ಎಂದಳು. ನಾವು ಕೆಲಸ ಮಾಡುವ ಜಾಗದ ಮೇಲುಗಡೆಯೇ ಒಂದು ದೊಡ್ಡ ಗುಂಡು ಇತ್ತು. ದಿನಾ ಅದರ ನೆರಳಿನಲ್ಲಿ ಬುತ್ತಿ ಬಿಚ್ಚುತ್ತಿದ್ದೆವು. ಅದರಲ್ಲಿ ನೋಡುವಂಥದ್ದು ಏನೂ ಇಲ್ಲ ಎಂದೇ ನಾನು ತಿಳಿದಿದ್ದೆ. ಅವತ್ತು ಎಳೆಬಿಸಿಲು ಓರೆಯಾಗಿ ಬಿದ್ದಿತ್ತು. ಕಲ್ಲಿನ ಮೈತುಂಬ ಗೂಳಿಗಳು. ಒಂದೊಂದಕ್ಕೂ ಹೆಗಲ ಮೇಲೆ ದೊಡ್ಡ ಇಣಿ, ಬಿಲ್ಲಿನಂತೆ ಬಾಗಿದ ಉದ್ದ ಕೊಂಬು. ಒಂದರ ಹಿಂದೆ ಒಂದು, ಹೊಳೆಗೆ ನೀರು ಕುಡಿಯಲು ಹೊರಟ ಹಾಗೆ. ಗುಂಡಿನ ಹೊಟ್ಟೆಯ ಕೆಳಗೆ ಗವಿಯಂಥ ಪೊಟರೆ. ಬಗ್ಗಿ ಒಳಗೆ ನೋಡಿದರೆ ಕೆಮ್ಮಣ್ಣಿನಲ್ಲಿ ಬರೆದ ಮಂದಿ, ಕೈ ಕೈ ಹಿಡಿದು ಸಾಲಾಗಿ ನಿಂತವರು.

"ಯಾರು ಬರದಾರ ಚಿಗವ್ವ?" ಎಂದೆ. ಅವಳು ನನಗೆ ಸಂಬಂಧಿಯಲ್ಲ, ಆದರೂ ಚಿಗವ್ವ ಎಂದೇ ಕರೆಯುತ್ತಿದ್ದೆ.

"ನಮಗಿಂತ ಮೊದಲು ಇಲ್ಲಿ ದನ ಕಾದವರು. ನನ್ನಂಗ ಅವರಿಗೂ ಹೆಸರು ಬರಿಯಾಕ ಬರ್ತಿದ್ದಿಲ್ಲ. ದನ ಬರದು ಹ್ವಾದರು."

ಸೆರಗಿನ ಗಂಟಿನಿಂದ ಒಂದು ಗುಂಡನೆಯ ಕರಿಕಲ್ಲು ತೆಗೆದಳು. ಆ ಗುಂಡಿಗೆ ಅವರ ಮನೆಯವರು ಗೂಳಿಗುಂಡು ಎನ್ನುತ್ತಿದ್ದರು. ಅವರಲ್ಲಿ ಒಂದು ರೂಢಿ ಇತ್ತು. ಆಕಳು ಈದರೆ ಮನೆಯ ಹೆಂಗಸು ಬಂದು ಒಂದು ಗೂಳಿಯ ಮೇಲೆ ಈ ಕಲ್ಲಿನಿಂದ ಮೆಲ್ಲಗೆ ಕುಟ್ಟಬೇಕು. ಕಂದು ಬಣ್ಣ ಹೋಗಿ ಗೂಳಿ ಬೆಳ್ಳಗಾಗಬೇಕು. ಅವಳ ಅತ್ತೆ ಕಲಿಸಿದ್ದು, ಅತ್ತೆಗೆ ಅವಳ ಅತ್ತೆ. ಹೀಗೆ ಎಷ್ಟು ಸಲ, ಎಷ್ಟು ಮಂದಿ ಕುಟ್ಟಿದ್ದರೋ, ಒಂದೊಂದು ಗೂಳಿ ಮುಟ್ಟಿದರೆ ಬೆರಳಿಗೆ ಸಿಗುವಷ್ಟು ತಗ್ಗಾಗಿತ್ತು. ಸಾಬಮ್ಮನಿಗೆ ಹೆಣ್ಣುಮಗಳು ಒಬ್ಬಳೇ. ಗುರುಮಠಕಲ್ ಕಡೆ ಕೊಟ್ಟಿದ್ದಳು. ಸೊಸೆ ಇರಲಿಲ್ಲ.

ಒಂದು ಗೂಳಿಯ ಇಣಿಯ ತನಕ ಕುಟ್ಟಿ ಕಲ್ಲನ್ನು ನನ್ನ ಕೈಗೆ ಕೊಟ್ಟಳು. "ನೀನೂ ಹಡದಾಕಿ. ಎರಡು ಏಟು ಹಾಕು." ನಾನು ಹಾಕಿದೆ. "ಇದು ಒಡಿಯೂ ಕೈ" ಎಂದು ನನ್ನ ಮಣಿಕಟ್ಟು ಹಿಡಿದಳು. "ಮೆತ್ತಗ. ದನದ ಮೈ ತಿಕ್ಕಿದಂಗ."

ಅದಾಗಿ ಎರಡು ತಿಂಗಳಿಗೆ, ಮುಂದಿನ ವಾರ ಗೂಳಿಗುಂಡಿಗೆ ಮದ್ದು ಹಾಕಿ ಸಿಡಿಸುವುದೆಂದು ಮುಕಾದಮ ಹೇಳಿದ. ಸಾಬಮ್ಮ ಊಟ ಬಿಟ್ಟಳು. ಅದೇ ದಿನಗಳಲ್ಲಿ ಸುರಪುರದ ಕಡೆಯ ಒಬ್ಬ ಮಾಸ್ತರರು ಸೈಕಲ್ಲಿನಲ್ಲಿ ಊರೂರು ತಿರುಗಿ, ಹಳೇ ಕಾಲದ ಚಿತ್ರ ಎಲ್ಲಾದರೂ ಇವೆಯೇ ಎಂದು ಕೇಳುತ್ತಿದ್ದರು. ನಮ್ಮಲ್ಲಿಗೂ ಬಂದರು. ಸಾಬಮ್ಮ ಸುತ್ತಿಗೆ ಬಿಟ್ಟು ಎದ್ದು ಅವರ ಸೈಕಲ್ಲಿನ ಹ್ಯಾಂಡಲ್ಲೇ ಹಿಡಿದಳು.

"ಅವ ರೀ. ಆದರ ಈಗ ಹೊತ್ತು ನೆತ್ತಿ ಮ್ಯಾಲ ಬಂದದ, ನಿಮಗ ಕಾಣಂಗಿಲ್ಲ. ಮುಂಜಾನಿ ಬರ್ರಿ, ನಾ ತೋರಸ್ತೀನಿ. ಬರ್ರಿ ಮತ್ತ, ಇಲ್ಲಂದ್ರ ಇವರು ಸಿಡಸ್ತಾರ."

"ಸೋಮವಾರ ಕ್ಯಾಮೆರಾ ತರ್ತೀನವ್ವ" ಎಂದರು ಮಾಸ್ತರರು. "ಫೋಟೊ ತೋರಿಸಿದ್ರ ಕೆನಾಲಿನ ದೊಡ್ಡ ಸಾಹೇಬರು ಆ ಗುಂಡು ಬಿಡ್ತಾರ. ಕಲ್ಲಿಗೇನು, ಬ್ಯಾರೆ ಗುಡ್ಡ ಇಲ್ಲೇನು?"

ಶನಿವಾರ ಒಂದು ಚಪ್ಪಡಿ ಜಾರಿ ಸಾಬಮ್ಮನ ಎಡಗೈ ಮೇಲೆ ಬಿತ್ತು. ಎರಡು ಬೆರಳು ಜಜ್ಜಿ ಹೋದವು. ಸುರಪುರದ ದವಾಖಾನೆಗೆ ಒಯ್ಯಲು ಬಂಡಿಯಲ್ಲಿ ಮಲಗಿಸಿದರು. ಅವಳು ನನ್ನ ಸೆರಗು ಹಿಡಿದೆಳೆದು, "ಸೋಮವಾರ ಮಾಸ್ತರ ಬರ್ತಾನ. ಹೊತ್ತು ಏರೂದರಾಗ ಕರಕೊಂಡು ಹೋಗಿ ತೋರಸು. ನಿನಗಷ್ಟ ಗೊತ್ತದ" ಎಂದಳು. ನಾನು ಹೂಂ ಎಂದೆ.

ಅವತ್ತು ಸಂಜೆಯೇ ಮುಕಾದಮ ನಮ್ಮನ್ನೆಲ್ಲ ಕೂಡಿಸಿದ. "ಮಾಸ್ತರ ಬಂದಿದ್ದ ಸುದ್ದಿ ಕೇಳೀನಿ. ಈ ಗುಂಡು ಬಿಟ್ರ ಇಲ್ಲಿ ಕಲ್ಲು ಮುಗೀತು. ಆಚಿ ಗುಡ್ಡಕ್ಕ ಹೋಗಬೇಕಾಗ್ತದ. ಎರಡು ಹರದಾರಿ ನಡಿಬೇಕು. ಕೂಸು ಇದ್ದವರು ಮನ್ಯಾಗ ಇರ್ರಿ."

ಕೂಸು ಇದ್ದವಳು ನಾನೊಬ್ಬಳೇ. ಇಲ್ಲಿ ಬೇವಿನ ಗಿಡಕ್ಕೆ ಜೋಳಿಗೆ ಕಟ್ಟಿದರೆ ಕೂಸು ಮಲಗುತ್ತಿತ್ತು. ಇದನ್ನು ಬರೆದರೆ ಕ್ಷಮೆ ಸಿಗುತ್ತದೆ ಎಂದು ಬರೆಯುತ್ತಿಲ್ಲ. ನನ್ನ ಹೊಟ್ಟೆಪಾಡಿಗೆ ಎಂದರೆ ಅರ್ಧ ಸತ್ಯ. ನಡೆಯುವುದು ಬೇಡವಾಗಿತ್ತು. ಅಷ್ಟೇ.

ಸೋಮವಾರ ಮಾಸ್ತರರು ಹೊತ್ತು ಮೂಡುವ ಮುಂಚೆಯೇ ಬಂದರು. ಕೊರಳಲ್ಲಿ ಕ್ಯಾಮೆರಾ. ಉಳಿದವರಿಗೆ ಅವತ್ತು ಕೆನಾಲಿನ ಕಡೆ ಖಡಿ ಹೊರುವ ಕೆಲಸ, ಕೂಸಿನ ಸಲುವಾಗಿ ನಾನೊಬ್ಬಳೇ ಇಲ್ಲಿದ್ದೆ.

"ಸಾಬಮ್ಮ ಎಲ್ಲಿ?"

"ಕೈ ಬೆರಳು ಜಜ್ಜ್ಯಾವ್ರಿ. ದವಾಖಾನ್ಯಾಗ ಅದಾಳ."

"ಅಯ್ಯೋ ಪಾಪ. ಆ ಚಿತ್ರದ ಗುಂಡು ನಿನಗೇನಾದರೂ ಗೊತ್ತದೇನವ್ವ?"

"ಯಾವ ಗುಂಡುರಿ? ಆಕಿಗೆ ಅರಳು ಮರಳು ರಿ. ದನ ಕಾಯೂ ಹುಡುಗರು ಗೀಚಿದ್ದು ನೋಡಿ ದೇವರು ಅಂತಾಳ. ಅಂಥಾದ್ದು ಇಲ್ಲಿ ಏನೂ ಇಲ್ರಿ."

ಅವರು ನನ್ನ ಮಾತು ನಂಬಿದರು. ಆದರೂ ಬಂದ ಮೇಲೆ ಸುಮ್ಮನೆ ಹೋಗಬಾರದೆಂದು ತಾವೇ ಹುಡುಕಿದರು. ಮೊದಲು ಗುಡ್ಡದ ಆಚೆ ಮಗ್ಗಲಿಗೆ ಹೋದರು. ಅಲ್ಲಿಂದ ತಿರುಗಿ ಬರುವ ಹೊತ್ತಿಗೆ ಬಿಸಿಲು ನೆತ್ತಿಗೆ ಬಂದಿತ್ತು. ಸೋತು ಗೂಳಿಗುಂಡಿನ ನೆರಳಿನಲ್ಲೇ ಕೂತರು. ಅದೇ ಕಲ್ಲಿಗೆ ಬೆನ್ನು ಕೊಟ್ಟು ನೀರು ಕುಡಿದರು. ನಾವು ಕುಟ್ಟಿದ ಬಿಳುಪೂ ಅಷ್ಟರಲ್ಲಿ ಧೂಳಿಗೆ ಮಾಸಿತ್ತು. ನಾನು ಕೂಸಿಗೆ ಹಾಲು ಕೊಡುತ್ತ ನೋಡುತ್ತಿದ್ದೆ. ಒಂದು ಮಾತು, 'ನಿಮ್ಮ ಬೆನ್ನ ಹಿಂದ ನೋಡ್ರಿ, ಕೆಳಗ ಬಗ್ಗಿ ನೋಡ್ರಿ' ಎಂದಿದ್ದರೆ ಮುಗಿಯುತ್ತಿತ್ತು. ಕೂಸನ್ನು ಇನ್ನೊಂದು ಮಗ್ಗಲಿಗೆ ಹಾಕಿಕೊಂಡೆ. ಎದ್ದು ಹೋಗುವಾಗ ಅವರು, "ಬರ್ತೀನವ್ವ, ಕೂಸಿಗೆ ಬಿಸಿಲು ಬಡಿತದ ನೋಡು" ಎಂದರು.

ಗುರುವಾರ ಮದ್ದು ಹಾಕಿದರು. ನಾವೆಲ್ಲ ಹಳ್ಳದ ಮರೆಯಲ್ಲಿ ಕೂತಿದ್ದೆವು. ಆಮೇಲೆ ಕಲ್ಲುಗಳನ್ನು ನಮ್ಮ ನಮ್ಮ ಮುಂದೆ ಸುರಿದರು. ನನ್ನ ಪಾಲಿಗೆ ಬಂದ ಒಂದರಲ್ಲಿ ಇಣಿ ಮತ್ತು ಒಂದು ಕೊಂಬು ಇತ್ತು. ನೋಡಿದೆ. ನೋಡಿಯೇ ಒಡೆದೆ. ಚೆನ್ನಾಗಿ ಒಡೆಯಿತು.

ಹತ್ತು ದಿನಕ್ಕೆ ಸಾಬಮ್ಮ ಕೈಗೆ ಪಟ್ಟಿ ಕಟ್ಟಿಸಿಕೊಂಡು ಬಂದಳು. ಗುಂಡು ಇದ್ದ ಜಾಗದಲ್ಲಿ ನಿಂತಳು. ಅಲ್ಲಿ ಕೆಂಪು ಮಣ್ಣಿನ ಗುಂಡಿ ಬಿಟ್ಟರೆ ಏನೂ ಇರಲಿಲ್ಲ. ಕೆಳಗಿಳಿದು ಬಂದು ನನ್ನ ಎದುರಿಗೆ ಕೂತಳು.

"ಮಾಸ್ತರ ಬಂದಿದ್ನೇನು?"

"ಇಲ್ಲ ಚಿಗವ್ವ."

"ಸೋಮವಾರ ಅಂದಿದ್ದ."

"ಬರಲಿಲ್ಲ."

"ನಂದೇ ತಪ್ಪು" ಎಂದಳು. "ಅವತ್ತ ಮಧ್ಯಾಹ್ನನ ತೋರಸಬೇಕಿತ್ತು. ಕಾಣದಿದ್ರ ಕೈ ಹಿಡದು ಮುಟ್ಟಸಬೇಕಿತ್ತು."

ಅವಳು ಬೈದಿದ್ದರೆ ನಾನು ಹೇಗೋ ತಡೆದುಕೊಳ್ಳುತ್ತಿದ್ದೆ. ಆ ವಾರವೆಲ್ಲ ಒಂದೇ ಕೈಯಲ್ಲಿ ನೀರು ಹೊತ್ತು ತಂದು ನಮಗೆ ಕೊಟ್ಟಳು. ನನ್ನ ಕೂಸನ್ನು ತೂಗಿದಳು. ನಾನು ಅವಳ ಮುಖ ನೋಡದೆ ನೀರು ಕುಡಿದೆ.

ಆಮೇಲೆ ಕೆನಾಲು ಬಂತು. ನಮ್ಮ ಎರಡು ಎಕರೆಗೂ ನೀರು ಹತ್ತಿತು. ಜೋಳ ಬಿಟ್ಟು ಭತ್ತ ಹಚ್ಚಿದೆವು. ಮಕ್ಕಳು ದೊಡ್ಡವರಾದರು. ಅದು ಸುಳ್ಳಲ್ಲ. ದಂಡೆಯ ಮೇಲೆ ನಡೆಯುವಾಗ ನನ್ನ ಕಾಲ ಕೆಳಗೆ ಯಾವ ಗೂಳಿಯ ಯಾವ ಚೂರು ಇದೆಯೋ ನನಗೆ ಗೊತ್ತಿಲ್ಲ. ಮೊನ್ನೆ ಶಹಾಪುರದ ಕಡೆಯಿಂದ ಯಾರೋ ಓದುವ ಮಕ್ಕಳು ಬಂದು, "ಅಮ್ಮಾ, ಇಲ್ಲಿ ಬಂಡೆ ಮೇಲೆ ಚಿತ್ರ ಅವ ಏನ್ರಿ?" ಎಂದು ಕೇಳಿದರು. ಇದ್ದವು, ನಾನು ಒಡೆದೆ ಎಂದೆ. ಮುದುಕಿ ಏನೋ ಅನ್ನುತ್ತಾಳೆ ಎಂಬಂತೆ ಒಬ್ಬರ ಮುಖ ಒಬ್ಬರು ನೋಡಿಕೊಂಡು ಹೋದರು. ಅದಕ್ಕೇ ಕೂತು ಬರೆದೆ.

ಸಾಬಮ್ಮ ನಮ್ಮ ಗುಂಪಿನಲ್ಲಿ ಹೆಚ್ಚು ದಿನ ಉಳಿಯಲಿಲ್ಲ. ಒಂದು ದಿನ ಸುರಪುರಕ್ಕೆ ಹೋದವಳು ಅಲ್ಲಿಂದಲೇ ಗುರುಮಠಕಲ್ಲಿನ ಮಗಳ ಮನೆಗೆ ಹೋದಳು. ಅಳಿಯ ಬಂದು ಆಕಳು ಕರು ಹೊಡೆದುಕೊಂಡು ಹೋದ. ಮರುವರ್ಷ ಸತ್ತಳೆಂದು ಸುದ್ದಿ ಬಂತು. ನಾನು ಮಣ್ಣಿಗೆ ಹೋಗಲಿಲ್ಲ. ಸುರಪುರದಲ್ಲಿ ಮಾಸ್ತರರು ಅವಳಿಗೆ ಸಿಕ್ಕರೋ ಇಲ್ಲವೋ, ಸಿಕ್ಕಿದ್ದರೆ ಏನು ಹೇಳಿದರೋ, ನನಗೆ ಇವತ್ತಿಗೂ ಗೊತ್ತಿಲ್ಲ. ಗೊತ್ತಾಗಿಯೇ ತಿರುಗಿ ಬರಲಿಲ್ಲವೋ ಏನೋ.

ಸುರಪುರಕ್ಕೆ ಹೋಗುವ ಹಿಂದಿನ ಸಂಜೆ ಅವಳು ನನ್ನ ಗುಡಿಸಲಿಗೆ ಬಂದಿದ್ದಳು. ನನ್ನ ಗಂಡ ಕೆನಾಲಿನ ಮಣ್ಣು ಕೆಲಸಕ್ಕೆ ಬೇರೆ ಊರಲ್ಲಿದ್ದ. ಅವಳು ಹೊಸ್ತಿಲ ಹೊರಗೇ ಕೂತು ಎಲೆ ಹಾಕಿಕೊಂಡಳು.

"ನಾಳಿ ಮುಂಜಾನಿ ಬಸ್ಸಿಗೆ ಸುರಪುರಕ್ಕ ಹೋಗೂನು ಬಾ. ನನಗ ಬೋರ್ಡು ಓದಾಕ ಬರಂಗಿಲ್ಲ. ನೀ ಏಳನೇ ಇಯತ್ತೆ ಕಲತೀದಿ, ಸಾಲಿ ಎಲ್ಲಿ ಅಂತ ಓದಿ ಹೇಳು. ಮಾಸ್ತರನ್ನ ಒಂದು ಮಾತು ಕೇಳಬೇಕಾಗ್ಯದ."

"ಬೈತಿಯೇನು ಚಿಗವ್ವ?"

"ಬೈಯಾಕ ಯಾಕ ಹೋಗ್ಲಿ? ಬರ್ತೀನಿ ಅಂದಾವ ಯಾಕ ಬರಲಿಲ್ಲ ಅಂತ ಕೇಳ್ತೀನಿ. ಆರಾಮ ಇದ್ದಿಲ್ಲೋ ಏನೋ, ಪಾಪ. ಅದು ತಿಳಿದ್ರ ನನಗ ನಿದ್ದಿ ಬರ್ತದ."

"ಆತು, ಬರ್ತೀನಿ" ಎಂದೆ.

ಮರುದಿನ ಬೆಳಿಗ್ಗೆ ಅವಳು ಬರುವ ಮುಂಚೆಯೇ ಎಚ್ಚರವಾಗಿ, ಬಾಗಿಲಿಗೆ ಒಳಗಿನಿಂದ ಅಗಳಿ ಹಾಕಿ ಕೂತಿದ್ದೆ. "ಯಲ್ಲಿ" ಎಂದು ನನ್ನ ಹೆಸರು ಹಿಡಿದು ಕರೆದಳು. ಕೂಸು ದನಿ ತೆಗೆಯದಂತೆ ಅದರ ಬಾಯಿಗೆ ಮೊಲೆ ಕೊಟ್ಟೆ. ಇನ್ನೆರಡು ಸಲ ಕರೆದಳು. ಪಕ್ಕದ ಮನೆಯವಳು, "ಬಾಗಿಲ ಬಡಿ ಸಾಬಮ್ಮ, ಒಳಗೇ ಅದಾಳ" ಎಂದದ್ದು ಕೇಳಿಸಿತು.

"ಬ್ಯಾಡ, ಮಲಗಲಿ. ಕೂಸಿನ ತಾಯಿ, ರಾತ್ರಿ ನಿದ್ದಿ ಇದ್ದಿಲ್ಲೇನೋ" ಎಂದಳು ಸಾಬಮ್ಮ.

ಬಸ್ಸಿನ ಸದ್ದು ಬಂದು ಹೋಗುವ ತನಕ ಕೂತೆ. ಆಮೇಲೆ ಎದ್ದು ಅಂಗಳ ಗುಡಿಸಿದೆ, ಬುತ್ತಿ ಕಟ್ಟಿಕೊಂಡೆ, ಕೂಸನ್ನು ಬಗಲಿಗೆ ಹಾಕಿಕೊಂಡು ಖಡಿ ಒಡೆಯಲು ಹೋದೆ.