ಎಲಚಿ ಟೊಂಗೆ ಹಿಡಿದು ಬಂದವಳು

ನಮ್ಮ ತಾತನ ತಂಗಿ ನೊಮಾಗುಗುವಿನ ಬಾಯಿ ಸುಮ್ಮನಿದ್ದದ್ದನ್ನು ಕಂಡವರು ಹಟ್ಟಿಯಲ್ಲಿ ಯಾರೂ ಇಲ್ಲ. ಕಳೆ ಕೀಳುವಾಗ ಕಳೆಯ ಜೊತೆ ಮಾತು, ಹೆಂಡ ಸೋಸುವಾಗ ಮಡಕೆಯ ಜೊತೆ ಮಾತು. ಗಂಡ ತೀರಿದ ಮೇಲೆ ಮೈದುನನ ಗುಡಿಸಿಲಿಗೆ ಹೋಗಲು ಒಲ್ಲೆನೆಂದು ತವರಿಗೆ ಬಂದವಳು. "ನನ್ನ ಮಾತು ಕೇಳಿ ಕೇಳಿ ಆ ಮನುಷ್ಯ ಕಿವುಡಾಗಿದ್ದ. ಸಾವು ಕರೆದದ್ದೂ ಕೇಳಿಸ್ಲಿಲ್ಲ, ಅದಕ್ಕೇ ಅಷ್ಟು ದಿನ ಬದುಕಿದ" ಎಂದು ತಾನೇ ನಗುತ್ತಿದ್ದಳು. ಈ ಕಥೆಯನ್ನೂ ನಾನು ಅವಳ ಬಾಯಿಂದಲೇ ಕೇಳಿದ್ದು.

ನಮ್ಮ ಝುಲು ರಾಜ ಬದುಕಿದ್ದಾಗಲೇ ಅವನ ಮಕ್ಕಳಿಬ್ಬರು ಗದ್ದುಗೆಗಾಗಿ ತುಗೆಲಾ ಹೊಳೆಯ ದಂಡೆಯಲ್ಲಿ ಕಾದಾಡಿದರು. ಝುಲು ಝುಲುವನ್ನೇ ತಿವಿದ ದಿನ ಅದು. ನಮ್ಮ ತಾತ ಮಫುತ ಸೋತವನ ಕಡೆಗಿದ್ದ. ಹಿಂದೆ ತುಂಬಿದ ಹೊಳೆ, ಮುಂದೆ ಗೆದ್ದವನ ಉಸುತು ದಂಡಿನ ಈಟಿ. ಅವನು ಮನೆಗೆ ಬರಲಿಲ್ಲ.

ಹಾಗೆ ಸತ್ತವನ ಜೀವ ಬಿದ್ದ ಜಾಗದಲ್ಲೇ ಅಲೆಯುತ್ತಿರುತ್ತದೆ. ಮನೆಯವರೊಬ್ಬರು ಎಲಚಿ ಟೊಂಗೆ ಹಿಡಿದು ಹೋಗಿ ಕರೆತರಬೇಕು. ಟೊಂಗೆಯನ್ನು ಗುಡಿಸಿಲಿನ ಹಿಂಬದಿಯಲ್ಲಿ ಇಡುವ ತನಕ ಸತ್ತವನ ಜೊತೆ ಮಾತ್ರ ಮಾತು. ಬದುಕಿದ್ದವರ ಜೊತೆ ಒಂದು ಮಾತಾಡಿದರೂ ಆ ಜೀವ ಟೊಂಗೆಯಿಂದ ಅಲ್ಲೇ ಕಳಚಿಕೊಳ್ಳುತ್ತದೆ, ಮತ್ತೆ ಕರೆದರೆ ಬಾರದು. ಸೋತವರ ಜೀವಗಳು ಅಲೆಯುತ್ತಲೇ ಇರಲಿ ಎಂದು ಗೆದ್ದವರು ದಾರಿಯಲ್ಲಿ ಕಾವಲಿಟ್ಟಿದ್ದರು. ನಮ್ಮಲ್ಲಿ ಉಳಿದ ಗಂಡಸೆಂದರೆ ನೊಮಾಗುಗುವಿನ ಚಿಕ್ಕಪ್ಪ, ಕಾಲು ಬಾತ ಗಂಬುಶೆ ಒಬ್ಬನೇ. ತಾನೇ ಹೋಗುತ್ತೇನೆಂದು ಅವಳು ಎದ್ದಾಗ ಅವನು ತಡೆದ.

"ಹೆಂಗಸು ಟೊಂಗೆ ಹಿಡಿಯೋದುಂಟಾ? ಅದ್ರಲ್ಲೂ ನೀನು. ಮೊದಲನೇ ದಿಣ್ಣೆ ಹತ್ತೋದ್ರೊಳಗೆ ಯಾವನಾದ್ರೂ ದನ ಕಾಯೋನ ಹತ್ರ ಹರಟೆಗೆ ಕೂರ್ತೀಯ."

"ಹಂಗಾದ್ರೆ ನೀನೇ ಹೋಗು ಚಿಕ್ಕಪ್ಪ. ಆಗಲ್ವಾ? ಸರಿ, ನಾನು ಬರೋ ಹೊತ್ಗೆ ಅಣ್ಣನ ಹೆಸರಲ್ಲಿ ಕೊಯ್ಯೋಕೆ ಮೇಕೆ ಕಟ್ಟಿರು."

ಹೋಗುವಾಗ ಪೊದೆಗಳ ಮರೆಯಲ್ಲಿ ಹೋದಳು. ದಂಡೆಯ ತುಂಬ ಎಲುಬುಗಳು ಬೆಳ್ಳಗೆ ಹರಡಿದ್ದವು. ಯಾವುದು ಅಣ್ಣನದೆಂದು ಹುಡುಕಲಿಲ್ಲ. ಟೊಂಗೆಯನ್ನು ನೆಲಕ್ಕೆ ಸೋಕಿಸಿ, "ಮಫುತ, ನಾನು ನಿನ್ನ ತಂಗಿ. ಏಳು, ಮನೆಗೆ ಹೋಗಾಣ" ಎಂದಳು. ಬರುವಾಗ ಮಾತ್ರ ಹೆದ್ದಾರಿಯನ್ನೇ ಹಿಡಿದಳು. ಅಣ್ಣನಿಗೆ ಗೊತ್ತಿದ್ದದ್ದು ಆ ದಾರಿಯೇ.

ಹಳ್ಳ ದಾಟುವಲ್ಲಿ ಉಸುತು ಕಾವಲಿನವರು ಅಡ್ಡ ನಿಂತರು.

"ಏ ಅವ್ವ, ಯಾವ ಸೋತೋನ್ನ ಹೊತ್ಕೊಂಡು ಹೊಂಟಿದ್ದೀಯ?" ಎಂದ ಉದ್ದ ಕಾಲಿನವನೊಬ್ಬ. "'ಉಸುತು' ಅಂತ ಒಂದ್ಸಲ ಕೂಗು, ಬಿಟ್ಟುಬಿಡ್ತೀವಿ."

ಅವಳು ಟೊಂಗೆಯನ್ನು ಇನ್ನೊಂದು ಕೈಗೆ ಬದಲಿಸಿಕೊಂಡಳು.

"ಮೂಗಿ ಕಣೋ," ಎಂದ ಇನ್ನೊಬ್ಬ. "ಇಂಥ ಹೆಂಡ್ತಿ ಸಿಕ್ಕಿದ್ರೆ ಮಾವನಿಗೆ ಇನ್ನೂ ನಾಲ್ಕು ಹಸು ಜಾಸ್ತಿ ತೆರ ಕೊಡ್ತಿದ್ದೆ."

ನೊಮಾಗುಗು ಟೊಂಗೆಯ ಕಡೆ ತಿರುಗಿದಳು. "ಅಣ್ಣ, ಕೊಕ್ಕರೆ ಕಾಲಿನವನೊಬ್ಬ ದಾರಿಗಡ್ಡ ನಿಂತವ್ನೆ. ಅವನ ಗೆಳೆಯ ನನ್ನನ್ನ ಮೂಗಿ ಅಂತಾನೆ. ನಿಂಗೆ ನಗು ಬರ್ತಿದೆ ಅಲ್ವಾ?"

ಕೊಕ್ಕರೆ ಕಾಲಿನವನು ಟೊಂಗೆಯನ್ನು ಹೊಡೆದು ಕೆಡವಲು ಕೋಲೆತ್ತಿದ. ಅವಳು ಹಿಂದೆ ಸರಿಯಲಿಲ್ಲ, ದನಿಯನ್ನೂ ಏರಿಸಲಿಲ್ಲ.

"ಅಣ್ಣ, ಇವನ ಮುಖ ನೋಡಿಟ್ಕೊ. ಟೊಂಗೆ ಬಿದ್ರೆ ನಿಂಗೆ ನಮ್ಮನೆ ದಾರಿ ತಪ್ತದೆ. ಬೇಜಾರಾಗ್ಬೇಡ, ಇವನ ಹಿಂದೆ ಇವನ ಮನೆಗೇ ಹೋಗು. ಒಲೆ ಪಕ್ಕ ಕೂತ್ಕೊ. ಇವನ ಹೆಂಡ್ತಿ ಹೆಂಡ ಚೆನ್ನಾಗಿ ಮಾಡ್ತಾಳೋ ಇಲ್ವೋ, ಅನುಸರಿಸ್ಕೊ."

ಕೋಲು ಎತ್ತಿದಲ್ಲೇ ನಿಂತಿತು. ಗೆಳೆಯ ಆಗಲೇ ದೂರ ಸರಿದಿದ್ದ. ಆಮೇಲೆ ಅವರು ಬಿಟ್ಟ ದಾರಿಯಲ್ಲಿ ಒಂದು ಹಿಂಡು ದನ ಹೋಗಬಹುದಿತ್ತು. 'ಉಸುತು' ಎಂಬ ಆ ಕೂಗನ್ನು ಅವಳು ಸಾಯುವ ತನಕ ಕೂಗಲಿಲ್ಲ.

ಹಟ್ಟಿಯ ಬಾಗಿಲಲ್ಲಿ ಚಿಕ್ಕಪ್ಪ ನಶ್ಯ ಏರಿಸುತ್ತ ಕೂತಿದ್ದ. "ಬಂದ್ಯಾ ಮಗಳೇ? ದಾರೀಲಿ ಯಾರ ಹತ್ರನೂ ಮಾತಾಡ್ಲಿಲ್ಲ ತಾನೆ?"

ಅವಳು ಅವನನ್ನು ದಾಟಿ ನಡೆದಳು.

"ಅಣ್ಣ, ಚಿಕ್ಕಪ್ಪ ಇನ್ನೂ ಮೇಕೆ ಕಟ್ಟಿಲ್ಲ. ನೀನು ಒಳಕ್ಕೆ ಬಾ. ಇವನನ್ನ ಆಮೇಲೆ ವಿಚಾರಿಸ್ಕೋತೀನಿ."

ಆ ಸಂಜೆ ಕೊಯ್ದದ್ದು ಗಂಬುಶೆಯ ಸ್ವಂತ ಮೇಕೆ.